ಬಿಪಿ ಗುಳಿಗೆಗೆ ಬಳ್ಳಾರಿ ಬಸ್ಸು ಬೇಕೇ?

ಕೊಟ್ಟೂರು ಕಡೆಯ ಓದುಗರೊಬ್ಬರ ಪ್ರಶ್ನೆ: ‘ನನಗೆ ಬಿಪಿ, ಶುಗರ್ ಎರಡೂ ಇವೆ. ಅದೇ ಗುಳಿಗೆ ಬರೆಸಿಕೊಳ್ಳಲು ಪ್ರತಿ ಸಲ ಬಳ್ಳಾರಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಫೋನಿನಲ್ಲೇ ತೋರಿಸಿದರೆ ಆಗದೇ?’

ಆಗುತ್ತದೆ. 2020ರ ಮಾರ್ಚ್‌ನಲ್ಲಿ ಹೊರಬಿದ್ದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ನಿಮ್ಮನ್ನು ನೋಡಿದ ವೈದ್ಯರೇ ಅದೇ ಕಾಯಿಲೆಗೆ ಆರು ತಿಂಗಳೊಳಗೆ ದೂರದಿಂದ ವಿಚಾರಿಸಿ ಹಳೆಯ ಗುಳಿಗೆಯನ್ನು ಮುಂದುವರಿಸಬಹುದು. ಮರುತಿಂಗಳೇ, ಫೋನಿನಲ್ಲೇ ವೈದ್ಯರನ್ನು ಕಾಣುವ ಸರ್ಕಾರಿ ಸೇವೆಯಾದ ಇ-ಸಂಜೀವನಿ ಒಪಿಡಿಯೂ ಶುರುವಾಯಿತು. ಸ್ಮಾರ್ಟ್‌ಫೋನ್ ಇಲ್ಲದವರು ಊರಿನ ಉಪಕೇಂದ್ರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿಯೇ ವೈದ್ಯರಿಗೆ ವಿಡಿಯೊ ಕರೆ ಜೋಡಿಸುತ್ತಾರೆ.

ದೂರದಿಂದ ರೋಗಿಯನ್ನು ನೋಡುವ ಆಸೆ ಹಳೆಯದು. ಇಸಿಜಿ ಯಂತ್ರ ರೂಪಿಸಿದ ವಿಲ್ಲೆಮ್ ಐಂತೋವನ್ 1905ರಲ್ಲೇ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಆಸ್ಪತ್ರೆಯಲ್ಲಿದ್ದ ರೋಗಿಯ ಹೃದಯದ ವಿದ್ಯುತ್ ಸಂಕೇತವನ್ನು ಟೆಲಿಫೋನ್ ತಂತಿಯಲ್ಲಿ ಹಾಯಿಸಿ ಒಂದೂವರೆ ಕಿಲೋಮೀಟರ್ ಆಚೆಯ ತನ್ನ ಪ್ರಯೋಗಾಲಯದಲ್ಲಿ ದಾಖಲಿಸಿದ್ದ. ನಮ್ಮಲ್ಲಿ ಈ ಶತಮಾನದ ಆರಂಭದಲ್ಲಿ ಇಸ್ರೊ ಉಪಗ್ರಹದ ಮೂಲಕ ಚಾಮರಾಜನಗರದ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿತು. ಎರಡರಲ್ಲೂ ಬೇಕಾಗಿದ್ದದ್ದು ಆ ಗಳಿಗೆಯ ಹೃದಯದ ಚಿತ್ರ.

ದೀರ್ಘಕಾಲದ ಕಾಯಿಲೆಯ ಲೆಕ್ಕ ಬೇರೆ. ಒಂದು ದಿನ ಸುರಿದ ಮಳೆ ನೋಡಿ ಕೂಡ್ಲಿಗಿಯ ರೈತ ಶೇಂಗಾ ಬೆಳೆಯ ಭವಿಷ್ಯ ಹೇಳುವುದಿಲ್ಲ. ಬಿತ್ತನೆಗೆ ಎಷ್ಟು ಬಂತು, ಹೂವಿಗೆ ಬಂತೇ, ನಡುವೆ ಎಷ್ಟು ದಿನ ಕೈಕೊಟ್ಟಿತು ಎಂದು ನೋಡುತ್ತಾನೆ. ಬಿಪಿಯೂ ಹಾಗೆಯೇ. ವೈದ್ಯರೆದುರು ಕೂತಾಗ ಏರಿ, ಮನೆಯಲ್ಲಿ ಇಳಿಯುವವರಿದ್ದಾರೆ. ಅದಕ್ಕೇ ಆಸ್ಪತ್ರೆಯಲ್ಲಿ 140/90 ಗಡಿಯಾದರೆ, ಮನೆಯ ಅಳತೆಗಳ ಸರಾಸರಿಗೆ 135/85. ಸಕ್ಕರೆಗೆ ಎಚ್‌ಬಿಎ1ಸಿ ಪರೀಕ್ಷೆಯಿದೆ: ಕೆಂಪು ರಕ್ತಕಣ ಸುಮಾರು 120 ದಿನ ಬದುಕುವುದರಿಂದ, ಅದಕ್ಕೆ ಅಂಟಿದ ಸಕ್ಕರೆ ಹಿಂದಿನ ಎರಡು-ಮೂರು ತಿಂಗಳ ಕಥೆ ಹೇಳುತ್ತದೆ.

ಆದ್ದರಿಂದ ‘ಅಂಗೈಯಲ್ಲಿ ಆಸ್ಪತ್ರೆ’ ಎಂಬ ಜಾಹೀರಾತಿಗೆ ಮರುಳಾಗಬೇಡಿ. ವೈದ್ಯರ ಮುಖ ಪರದೆಯಲ್ಲಿ ಕಂಡಮಾತ್ರಕ್ಕೆ ಚಿಕಿತ್ಸೆ ಸುಧಾರಿಸದು. ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಮಟ್ಟಕ್ಕಿಟ್ಟು ಅಳೆದ ಬಿಪಿಯನ್ನು ತಾರೀಖಿನ ಸಮೇತ ಬರೆದಿಟ್ಟು ಕರೆಯಲ್ಲಿ ಓದಿ ಹೇಳಿದರೆ, ಗುಳಿಗೆ ಹೆಚ್ಚಿಸಬೇಕೋ ಇಳಿಸಬೇಕೋ ಎಂಬುದಕ್ಕೆ ವೈದ್ಯರಿಗೆ ಆಧಾರ ಸಿಗುತ್ತದೆ.

ಪಾದದ ಸ್ಪರ್ಶಜ್ಞಾನ, ಕಣ್ಣಿನ ಅಕ್ಷಿಪಟಲ, ಮೂತ್ರಪಿಂಡದ ಪರೀಕ್ಷೆಗಳು ಮಾತ್ರ ಫೋನಿನಲ್ಲಾಗವು. ವರ್ಷಕ್ಕೊಮ್ಮೆಯಾದರೂ ಅದಕ್ಕೆ ಆಸ್ಪತ್ರೆಗೆ ಹೋಗಲೇಬೇಕು. ಎದೆನೋವು ಬಂದರೆ ಫೋನು ಬಳಸಬೇಕಾದ್ದು 108ಕ್ಕೆ.