ಒಂದು ಮನೆ, ಒಂಬತ್ತು ಸರ್ಕಾರ

ಅಮೆರಿಕದಲ್ಲಿ ಎಷ್ಟು ಸರ್ಕಾರಗಳಿವೆ ಎಂದು ಕೇಳಿದರೆ ಥಟ್ಟನೆ 51 ಎನ್ನುವವರೇ ಹೆಚ್ಚು. ವಾಷಿಂಗ್ಟನ್ನಿನದು ಒಂದು, ರಾಜ್ಯಗಳವು 50. ಆದರೆ ಅಲ್ಲಿಯ ಜನಗಣತಿ ಇಲಾಖೆ ಐದು ವರ್ಷಕ್ಕೊಮ್ಮೆ ಜನರನ್ನು ಬದಿಗಿಟ್ಟು ಸರ್ಕಾರಗಳನ್ನೇ ಎಣಿಸುತ್ತದೆ. 2022ರಲ್ಲಿ ಸಿಕ್ಕ ಲೆಕ್ಕ 90,888. ಆ 51ನ್ನು ಕಳೆದರೆ ಉಳಿಯುವ 90,837 ಎಲ್ಲವೂ ಸ್ಥಳೀಯ ಸರ್ಕಾರಗಳೇ. ಕೌಂಟಿಗಳು 3,031, ನಗರ ಪಟ್ಟಣಗಳು 19,491, ಟೌನ್‌ಶಿಪ್‌ಗಳು 16,214, ಶಾಲಾ ಜಿಲ್ಲೆಗಳು 12,546. ಇಷ್ಟನ್ನು ಕೂಡಿದರೂ ಲೆಕ್ಕ ತಾಳೆಯಾಗುವುದಿಲ್ಲ, ಇನ್ನೂ 39,555 ಬಾಕಿ. ಅವು ಒಂದೊಂದು ಕೆಲಸಕ್ಕೆಂದೇ ಹುಟ್ಟಿದ ‘ವಿಶೇಷ ಜಿಲ್ಲೆ’ಗಳು. ನೀರಿಗೊಂದು, ಚರಂಡಿಗೊಂದು, ಬೆಂಕಿ ಆರಿಸಲೊಂದು, ಗ್ರಂಥಾಲಯಕ್ಕೊಂದು, ಸ್ಮಶಾನಕ್ಕೊಂದು. ಇಲಿನಾಯ್ ರಾಜ್ಯದಲ್ಲಿ ಸೊಳ್ಳೆ ಓಡಿಸುವುದಕ್ಕೂ ಬೇರೆ ಜಿಲ್ಲೆಗಳಿವೆ, ಅದಕ್ಕೆಂದೇ ಜನ ತೆರಿಗೆ ಕಟ್ಟುತ್ತಾರೆ.

ನಾನು ಇದನ್ನೆಲ್ಲ ಓದಿದ್ದು ಹ್ಯೂಸ್ಟನ್ ಹೊರವಲಯದ ನಮ್ಮ ಮನೆಯಲ್ಲಿ ಕೂತು, ಕಮ್ಯುನಿಟಿ ಕಾಲೇಜೊಂದರ ಆನ್‌ಲೈನ್ ಕೋರ್ಸಿನಲ್ಲಿ. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಬ್ಯಾಚುಲರ್ ಪದವಿ ಬೇಕಾದರೆ ಲೆಕ್ಕಶಾಸ್ತ್ರದವರಾಗಲಿ, ಎಂಜಿನಿಯರಿಂಗ್‌ನವರಾಗಲಿ, ಸಂಗೀತದವರಾಗಲಿ, ಸರ್ಕಾರದ ಪಾಠಕ್ಕೆ ಆರು ಕ್ರೆಡಿಟ್ ಕೊಡಲೇಬೇಕು. ಅದರಲ್ಲಿ ರಾಜ್ಯದ ಸಂವಿಧಾನವೂ ಸೇರಿರಬೇಕು. ಇದು ಕಾಲೇಜಿನ ನಿಯಮವಲ್ಲ, ಶಾಸನಸಭೆ ಮಾಡಿದ ಕಾನೂನು. ಹೀಗಾಗಿ ಗಂಡನ ಕೆಲಸದ ಬೆನ್ನಿಗೆ ಬಂದು ನಡುವಯಸ್ಸಿನಲ್ಲಿ ಪುಸ್ತಕ ಹಿಡಿದ ನನಗೂ ಅದು ತಪ್ಪಲಿಲ್ಲ. ವಾರಕ್ಕೊಂದು ವೀಡಿಯೊ, ನಲವತ್ತು ಪುಟದಷ್ಟು ಓದು, ಭಾನುವಾರ ರಾತ್ರಿ ಹನ್ನೆರಡರೊಳಗೆ ಉತ್ತರ. ಮೇಷ್ಟ್ರನ್ನು ನಾನು ಮುಖಾಮುಖಿ ಕಂಡೇ ಇಲ್ಲ.

ಒಂದು ವಾರದ ಮನೆಗೆಲಸ ಹೀಗಿತ್ತು: ನಿಮ್ಮ ಮನೆಯ ಮೇಲೆ ಅಧಿಕಾರವಿರುವ ಸ್ಥಳೀಯ ಸರ್ಕಾರಗಳನ್ನೆಲ್ಲ ಪಟ್ಟಿ ಮಾಡಿ. ನಾಲ್ಕೋ ಐದೋ ಇರಬಹುದು ಅಂದುಕೊಂಡು ಆಸ್ತಿ ತೆರಿಗೆಯ ಚೀಟಿ ತೆಗೆದೆ. ಹ್ಯಾರಿಸ್ ಕೌಂಟಿ. ಅದರ ಕೆಳಗೆ ಪ್ರವಾಹ ನಿಯಂತ್ರಣ ಜಿಲ್ಲೆ. ಹ್ಯೂಸ್ಟನ್ ಬಂದರು ಪ್ರಾಧಿಕಾರ. ಆಸ್ಪತ್ರೆ ಜಿಲ್ಲೆ. ಕೌಂಟಿ ಶಿಕ್ಷಣ ಇಲಾಖೆ; ಇದು ಶಾಲೆ ನಡೆಸುವ ಜಿಲ್ಲೆಯಲ್ಲ, ಅದು ಬೇರೆ, ಮುಂದಿನ ಸಾಲಿನಲ್ಲಿದೆ. ಕಾಲೇಜು ಜಿಲ್ಲೆ, ಅಂದರೆ ನಾನು ಓದುತ್ತಿರುವ ಕಾಲೇಜೇ ನನಗೆ ತೆರಿಗೆ ಹಾಕುವ ಒಂದು ಸರ್ಕಾರ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ ತುರ್ತು ಸೇವಾ ಜಿಲ್ಲೆ. ಕೊನೆಗೆ ಒಂದು ನಂಬರು ಹೊತ್ತ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್. ಒಟ್ಟು ಒಂಬತ್ತು ಸಾಲು, ಪ್ರತಿ ಸಾಲಿಗೂ ಅದರದೇ ದರ. ಇಷ್ಟಾಗಿಯೂ ನಮಗೆ ಮೇಯರ್ ಇಲ್ಲ, ಯಾಕೆಂದರೆ ನಮ್ಮ ಬಡಾವಣೆ ಯಾವ ನಗರಕ್ಕೂ ಸೇರಿಲ್ಲ. ಹ್ಯಾರಿಸ್ ಕೌಂಟಿಯೊಂದರಲ್ಲೇ ಹೀಗೆ ಯಾವ ಊರಿನ ಲೆಕ್ಕಕ್ಕೂ ಬಾರದೆ ಬದುಕುವವರು ಸುಮಾರು 20 ಲಕ್ಷ ಜನ.

ಆ ಕೊನೆಯ ಸಾಲಿನ ಹುಟ್ಟಿನ ಕಥೆ ಓದಿದಾಗ ನಾನು ಅಕ್ಷರಶಃ ಕುರ್ಚಿಯಿಂದ ಎದ್ದೆ. ಇಲ್ಲಿ ಇದನ್ನು ಮೊದಲಕ್ಷರ ಕೂಡಿಸಿ ‘ಮಡ್’ ಎನ್ನುತ್ತಾರೆ. ಬಿಲ್ಡರ್ ಒಬ್ಬ ಊರಾಚೆ ಖಾಲಿ ಹೊಲ ಕೊಳ್ಳುತ್ತಾನೆ. ಅಲ್ಲಿ ನೀರಿಲ್ಲ, ಒಳಚರಂಡಿಯಿಲ್ಲ, ರಸ್ತೆಯಿಲ್ಲ. ಇವನ್ನೆಲ್ಲ ಮಾಡಲು ಸಾಲ ಬೇಕು. ಆ ಸಾಲವನ್ನು ಸರ್ಕಾರವೊಂದರ ಹೆಸರಿನಲ್ಲಿ ಬಾಂಡ್ ಮಾಡಿ ಎತ್ತಿದರೆ ಬಡ್ಡಿ ಕಡಿಮೆ, ತೀರಿಸುವವರೂ ಬೇರೆಯವರು. ಹಾಗಾಗಿ ಆ ಹೊಲದ ಮೇಲೇ ಒಂದು ಸರ್ಕಾರ ಸ್ಥಾಪಿಸಲು ರಾಜ್ಯದಿಂದ ಅನುಮತಿ ತರುತ್ತಾನೆ. ಆದರೆ ಮತದಾರರು ಒಪ್ಪಬೇಕಲ್ಲ? ಒಂದೆರಡು ಟ್ರೇಲರ್ ಮನೆ ತಂದು ನಿಲ್ಲಿಸಿ, ಬೆರಳೆಣಿಕೆಯ ಜನರನ್ನು ತಾತ್ಕಾಲಿಕವಾಗಿ ಇರಿಸುವುದು ಟೆಕ್ಸಾಸ್‌ನಲ್ಲಿ ದಶಕಗಳಿಂದ ನಡೆದು ಬಂದ ಪದ್ಧತಿ. ಅವರೇ ಆ ಕ್ಷೇತ್ರದ ಸಮಸ್ತ ಮತದಾರರು. ಅವರು ಹಾಕುವ ಎರಡೋ ಮೂರೋ ವೋಟಿನಿಂದ ಕೋಟ್ಯಂತರ ಡಾಲರ್‌ಗಳ ಬಾಂಡಿಗೆ ಒಪ್ಪಿಗೆ ಬೀಳುತ್ತದೆ, ಐದು ಜನರ ಆಡಳಿತ ಮಂಡಳಿ ಕೂರುತ್ತದೆ. ಟ್ರೇಲರ್ ಹೋಗುತ್ತದೆ, ಮನೆಗಳು ಏಳುತ್ತವೆ, ನಮ್ಮಂಥವರು ಗೃಹಪ್ರವೇಶ ಮಾಡಿ ಪಾಯಸ ಹಂಚುತ್ತೇವೆ. ಯಾರೋ ಎತ್ತಿದ ಸಾಲ ಇಪ್ಪತ್ತು ಮೂವತ್ತು ವರ್ಷ ನಮ್ಮ ಚೀಟಿಯ ಕೊನೆಯ ಸಾಲಾಗಿ ಬರುತ್ತಿರುತ್ತದೆ. ಕಾನೂನಿನ ಪ್ರಕಾರ ಇದರಲ್ಲಿ ಒಂದು ಎಳ್ಳಿನಷ್ಟೂ ತಪ್ಪಿಲ್ಲ. ಹ್ಯೂಸ್ಟನ್ ಸುತ್ತಮುತ್ತ ಇಂಥ ಜಿಲ್ಲೆಗಳು ನೂರಾರಿವೆ.

ಕೌಂಟಿಗೇ ಯಾಕೆ ಈ ಕೆಲಸ ವಹಿಸಬಾರದು? ಉತ್ತರ 1876ರಲ್ಲಿದೆ. ಅಂತರ್ಯುದ್ಧದ ನಂತರ ಅಧಿಕಾರವನ್ನೆಲ್ಲ ಗವರ್ನರ್ ಒಬ್ಬನೇ ಹಿಡಿದದ್ದನ್ನು ಕಂಡು ಕೆರಳಿದ್ದ ಟೆಕ್ಸಾಸ್‌ನ ಬಿಳಿಯ ರೈತರು, ಇನ್ನು ಯಾರ ಕೈಯಲ್ಲೂ ಹೆಚ್ಚು ಬಲ ಇರಕೂಡದು ಎಂದು ಸಂವಿಧಾನ ಬರೆದರು. ಕೌಂಟಿ ಹಾಕುವ ತೆರಿಗೆಗೆ ಅದರಲ್ಲೇ ಮಿತಿ ಇದೆ, ತನ್ನದೇ ಕಾಯ್ದೆ ಮಾಡುವ ಶಕ್ತಿಯಂತೂ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಇದ್ದ ಸರ್ಕಾರದ ಕೈ ಕಟ್ಟಿದ ಮೇಲೆ, ಹೊಸ ಕೆಲಸ ಬಂದಾಗಲೆಲ್ಲ ಹೊಸ ಸರ್ಕಾರವನ್ನೇ ಹುಟ್ಟಿಸಬೇಕಾಯಿತು. ದೇಶದುದ್ದಕ್ಕೂ ಹೆಚ್ಚುಕಡಿಮೆ ಇದೇ ಕಥೆ. 1942ರಲ್ಲಿ ಅಮೆರಿಕದಲ್ಲಿ 1,08,579 ಶಾಲಾ ಜಿಲ್ಲೆಗಳಿದ್ದವು, ಒಂದು ಕೋಣೆಯ ಶಾಲೆಗೂ ಒಂದೊಂದು ಮಂಡಳಿ. ಅವು ಕೂಡಿಕೊಂಡು ಹನ್ನೆರಡೂವರೆ ಸಾವಿರಕ್ಕೆ ಇಳಿಯುವಷ್ಟರಲ್ಲಿ, ಆಗ ಎಂಟು ಸಾವಿರ ಚಿಲ್ಲರೆ ಇದ್ದ ವಿಶೇಷ ಜಿಲ್ಲೆಗಳು ಐದು ಪಟ್ಟಿನ ಸಮೀಪಕ್ಕೆ ಬೆಳೆದವು.

ಆ 1876ರ ಸಂವಿಧಾನ ಮಾಡಿದ ಇನ್ನೊಂದು ಚೋದ್ಯ ನೋಡಿ. ಟೆಕ್ಸಾಸ್‌ನಲ್ಲಿ 254 ಕೌಂಟಿಗಳು. ಪ್ರತಿಯೊಂದಕ್ಕೂ ‘ಕೌಂಟಿ ಜಡ್ಜ್’ ಎಂಬ ಒಬ್ಬ ಮುಖ್ಯಸ್ಥ, ನಾಲ್ವರು ಕಮಿಷನರುಗಳು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಪಶ್ಚಿಮದ ಎಣ್ಣೆ ಸೀಮೆಯಲ್ಲಿರುವ ಲವಿಂಗ್ ಕೌಂಟಿಯ ವಿಸ್ತೀರ್ಣ ಸುಮಾರು 1,750 ಚದರ ಕಿಲೋಮೀಟರ್, ಅಂದರೆ ಬೆಂಗಳೂರು ಮಹಾನಗರ ಪಾಲಿಕೆಗಿದ್ದ ವ್ಯಾಪ್ತಿಯ ಎರಡು ಪಟ್ಟಿಗೂ ಹೆಚ್ಚು. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕವರು 64 ಜನ. ಒಬ್ಬ ಕಮಿಷನರ್ ಪಾಲಿಗೆ 16 ತಲೆ; ಮಕ್ಕಳು ಮರಿ ಸೇರಿಸಿ ಎರಡು ಟೆಂಪೊ ಟ್ರಾವೆಲರ್‌ಗೂ ಸಾಲದ ಕ್ಷೇತ್ರ. ನಮ್ಮ ಹ್ಯಾರಿಸ್ ಕೌಂಟಿಯಲ್ಲಿ ಅದೇ ವರ್ಷ 47 ಲಕ್ಷಕ್ಕೂ ಹೆಚ್ಚು ಜನ. ಇಲ್ಲೂ ಕಮಿಷನರುಗಳು ನಾಲ್ವರೇ, ತಲಾ 11 ಲಕ್ಷದ 80 ಸಾವಿರ. ಎರಡೂ ಕಡೆ ಹುದ್ದೆಯ ಹೆಸರು ಒಂದೇ, ಅಧಿಕಾರ ಕೊಟ್ಟ ಕಲಮೂ ಒಂದೇ. ಎಪ್ಪತ್ತು ಸಾವಿರ ಪಟ್ಟು ವ್ಯತ್ಯಾಸವನ್ನು ಒಂದೇ ಅಳತೆಯ ಅಂಗಿಯಲ್ಲಿ ತುರುಕಿದ್ದಾರೆ. ಈ ಪಾಠದಲ್ಲಿ ಮೇಷ್ಟ್ರು ಬಳಸಿದ ಪದ ‘ಏಕರೂಪತೆ’. ನನಗೆ ಬೇರೆ ಪದ ಹೊಳೆದಿತ್ತು, ಉತ್ತರಪತ್ರಿಕೆಯಲ್ಲಿ ಬರೆಯಲಿಲ್ಲ.

ಹ್ಯಾರಿಸ್‌ನ ಮತಪತ್ರವೂ ಹಾಗೆಯೇ. 2022ರ ನವೆಂಬರ್‌ನಲ್ಲಿ ಅದರಲ್ಲಿ ನೂರರಷ್ಟು ಸ್ಪರ್ಧೆಗಳಿದ್ದವು. ನೂರು ಅಭ್ಯರ್ಥಿಗಳಲ್ಲ, ನೂರು ಹುದ್ದೆಗಳು ಮತ್ತು ಪ್ರಶ್ನೆಗಳು. ಹೆಚ್ಚಿನ ಪಾಲು ನ್ಯಾಯಾಧೀಶರದ್ದು, ಏಕೆಂದರೆ ಟೆಕ್ಸಾಸ್‌ನಲ್ಲಿ ಅವರೂ ಪಕ್ಷದ ಹೆಸರಿನಡಿ ಚುನಾವಣೆಗೆ ನಿಲ್ಲುತ್ತಾರೆ. ಮೊದಲು ಒಂದೇ ಗುಂಡಿ ಒತ್ತಿ ಒಂದು ಪಕ್ಷಕ್ಕೆ ಸಾರಾಸಗಟಾಗಿ ವೋಟು ಹಾಕಬಹುದಿತ್ತು. 2020ರಿಂದ ಅದನ್ನೂ ತೆಗೆದರು. ಈಗ ಒಂದೊಂದನ್ನೂ ಒತ್ತಬೇಕು.

ಮೇಲಿನ ಮಹಡಿಗೆ, ಅಂದರೆ ರಾಜ್ಯದ ರಾಜಧಾನಿ ಆಸ್ಟಿನ್‌ಗೆ ಹೋದರೆ ಅಂಕಿಗಳು ತಲೆಕೆಳಗಾಗುತ್ತವೆ. ಟೆಕ್ಸಾಸ್ ಸೆನೆಟ್‌ನಲ್ಲಿ 31 ಜನ. 2020ರ ಜನಗಣತಿಯ 2 ಕೋಟಿ 91 ಲಕ್ಷ ಜನಸಂಖ್ಯೆಯನ್ನು ಹಂಚಿದರೆ ಒಬ್ಬರಿಗೆ 9 ಲಕ್ಷದ 40 ಸಾವಿರ. ಇದೇ ರಾಜ್ಯದಿಂದ ವಾಷಿಂಗ್ಟನ್ ಸಂಸತ್ತಿನ ಕೆಳಮನೆಗೆ ಹೋಗುವವನ ಕ್ಷೇತ್ರ 7 ಲಕ್ಷದ 67 ಸಾವಿರ. ರಾಜ್ಯದ ಪ್ರತಿನಿಧಿಯ ಕ್ಷೇತ್ರ ದೇಶದ ಪ್ರತಿನಿಧಿಯದಕ್ಕಿಂತ ದೊಡ್ಡದು. ಈ ರಾಜ್ಯ ಸೆನೆಟರುಗಳ ಸಂಬಳ ತಿಂಗಳಿಗೆ 600 ಡಾಲರ್, ಎರಡು ವರ್ಷಕ್ಕೊಮ್ಮೆ 140 ದಿನದ ಅಧಿವೇಶನ. ಆ 140 ದಿನದಲ್ಲಿ ಅವರು 2024-25ರ ಅವಧಿಗೆ ಒಪ್ಪಿದ ಬಜೆಟ್ 32,100 ಕೋಟಿ ಡಾಲರ್ ದಾಟಿತ್ತು. ಇತ್ತ ನ್ಯೂ ಹ್ಯಾಂಪ್‌ಶೈರ್‌ನಲ್ಲಿ, ಅದೇ ಜನಗಣತಿಯ ಪ್ರಕಾರ, 14 ಲಕ್ಷದೊಳಗಿನ ಜನಕ್ಕೆ ಕೆಳಮನೆಯಲ್ಲೇ 400 ಶಾಸಕರು, ಮೂರೂವರೆ ಸಾವಿರಕ್ಕೂ ಕಡಿಮೆ ಜನಕ್ಕೊಬ್ಬರು. ವರ್ಷಕ್ಕೆ 100 ಡಾಲರ್ ಸಂಬಳ, 1889ರಿಂದ ಒಂದು ಸೆಂಟೂ ಏರಿಲ್ಲ. ಅಲಬಾಮಾದ 1901ರ ಸಂವಿಧಾನವಂತೂ ತಿದ್ದುಪಡಿಗಳ ಮೇಲೆ ತಿದ್ದುಪಡಿ ಸೇರಿ 4 ಲಕ್ಷ ಪದಗಳ ಹತ್ತಿರಕ್ಕೆ ಬೆಳೆದಿತ್ತು, ದೊಡ್ಡದೆಂದು ನಾವು ಬೀಗುವ ನಮ್ಮ ಸಂವಿಧಾನದ ಎರಡೂವರೆ ಪಟ್ಟಿಗೂ ಹೆಚ್ಚು.

ಈ ಎಲ್ಲ ಸರ್ಕಾರಗಳಿಗೆ ಎಷ್ಟು ಜನರನ್ನು ಚುನಾಯಿಸುತ್ತಾರೆ? ಕೊನೆಯ ಸಲ ಎಣಿಸಿದ್ದು 1992ರಲ್ಲಿ: 5,13,200. ಅದರಲ್ಲಿ ವಾಷಿಂಗ್ಟನ್ನಿಗೆ ಹೋಗುವವರು 542 ಮಾತ್ರ. ಆದರೆ ಹಗಲೂ ರಾತ್ರಿ ಟಿವಿಯಲ್ಲಿ ಬರುವವರು ಆ 542ರೊಳಗಿನ ಹತ್ತಿಪ್ಪತ್ತು ಮಂದಿಯೇ. ಮೇ ತಿಂಗಳಲ್ಲಿ ನಡೆಯುವ ಟೆಕ್ಸಾಸ್‌ನ ಎಷ್ಟೋ ಸ್ಥಳೀಯ ಚುನಾವಣೆಗಳಲ್ಲಿ ಹತ್ತರಲ್ಲಿ ಒಬ್ಬ ಮತದಾರ ಬಂದರೂ ಹೆಚ್ಚು. ನಾನಿನ್ನೂ ಇಲ್ಲಿಯ ನಾಗರಿಕಳಲ್ಲ, ನನಗೆ ಆ ಒಂಬತ್ತರಲ್ಲಿ ಒಂದಕ್ಕೂ ವೋಟಿಲ್ಲ. ತೆರಿಗೆಯೇನೋ ಒಂಬತ್ತಕ್ಕೂ ಇದೆ.

ಸಂಖ್ಯೆಯಲ್ಲಿ ನಾವೇನು ಕಡಿಮೆ ಎಂದು ಭಾರತದ ಲೆಕ್ಕ ತೆಗೆದೆ. ಪಂಚಾಯ್ತಿಗಳೊಂದರಲ್ಲೇ ಚುನಾಯಿತರು ಸುಮಾರು 31 ಲಕ್ಷ, ಅಮೆರಿಕದ ಆರು ಪಟ್ಟು, ಅದರಲ್ಲಿ ಹೆಂಗಸರೇ 14 ಲಕ್ಷ. ಕರ್ನಾಟಕದ ಗ್ರಾಮ ಪಂಚಾಯ್ತಿಗಳಿಗೆ 2020ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದ ಸ್ಥಾನಗಳೇ 90 ಸಾವಿರ ಮೀರಿದ್ದವು. ಎದೆಯುಬ್ಬಿಸಿ ಬೆಂಗಳೂರಿನ ಅಕ್ಕನಿಗೆ ಫೋನ್ ಮಾಡಿ, ಮಾತಿನ ನಡುವೆ ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು ಎಂದು ಕೇಳಿದೆ.

“ಯಾರಿದ್ದಾರೆ ಕಣೇ? ಎಲೆಕ್ಷನ್ನೇ ಆಗಿಲ್ಲವಲ್ಲ” ಎಂದಳು.

198 ವಾರ್ಡುಗಳ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಿತ್ತು. ಐದು ವರ್ಷದ ಮೇಲೆ, 2025ರಲ್ಲಿ, ಪಾಲಿಕೆಯನ್ನೇ ಐದು ಭಾಗ ಮಾಡಿದರು. ಅಷ್ಟೂ ಕಾಲ ಕೋಟಿ ಜನರ ಊರಿಗೆ ಇದ್ದ ಕಾರ್ಪೊರೇಟರುಗಳ ಸಂಖ್ಯೆ 0.