ಹೊಳೆಯೋ ಚೂರಿಗೆ ಹಿಡಿ ಗಟ್ಟಿಯೇ?

ಹೊಳಪಿಗೆ ಮರುಳಾಗಿ ಚೂರಿ ಕೊಂಡವರು ತೋಟದಲ್ಲಿ ಹಿಡಿ ಕಳಚಿದಾಗ ಪೇಚಾಡುತ್ತಾರೆ. ಕುಲುಮೆಯಲ್ಲಿ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ ಮಡಚದ ಸಣ್ಣ ಚೂರಿ ನೋಡೋಕೆ ಕಪ್ಪು, ಕೆಲಸದಲ್ಲಿ ಹುಲಿ. ಅದಕ್ಕೂ ಹದ ಬೇಕು: ಗಡಸು ಹೆಚ್ಚಾದರೆ ಅಂಚು ಹಾರುತ್ತೆ, ಮೆತ್ತಗಾದರೆ ಬಾಗುತ್ತೆ.

ಅಲಗು ನಾಲ್ಕು ಇಂಚು ಸಾಕು. ಅದರ ಬಾಲ ಹಿಡಿಯ ತುದಿ ಮುಟ್ಟಿ ರಿವಿಟ್ ಬಿದ್ದಿರಲಿ; ಅರ್ಧಕ್ಕೇ ನಿಂತದ್ದು ಅಂಗಡಿಯಲ್ಲೇ ಇರಲಿ! ಮರದ ಹಿಡಿಯನ್ನು ಮುಷ್ಟಿಯ ಅಳತೆಗೆ ಅರ ಹಾಕಿ ಉಜ್ಜಿಸಿ, ಬೆವರಿಗೆ ಜಾರದ ಹಾಗೆ ಸೈಕಲ್ ಟ್ಯೂಬಿನ ತುಂಡು ಏರಿಸಿಕೊಳ್ಳಿ. ಒದ್ದೆಯಾದಾಗ ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ಖಂಡಿತ.

ಬಸ್ಸು ಹತ್ತುವಾಗ ಒರೆಯಲ್ಲಿಟ್ಟು ಚೀಲದ ತಳಕ್ಕೆ ಹಾಕಿ. ಮನೆ, ಬೇಸಾಯದ ಕೆಲಸಕ್ಕಲ್ಲದ 9 ಇಂಚು ಮೀರಿದ ಅಲಗು 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿದೆ. ನಿಮ್ಮದು ಚಿಕ್ಕದೇ ಸರಿ, ಆದರೆ ಸೊಂಟದಲ್ಲಿ ಕಂಡರೆ ಪೊಲೀಸಪ್ಪ ಮೊದಲು ಅಳೆಯೋದಿಲ್ಲ, ಇಳಿಸ್ತಾನೆ.