ಸಕ್ಕರೆ ಅಚ್ಚಿನಿಂದ ಕೋಟೆಗೋಡೆಗೆ

ಗೌರಿ ಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಅಟ್ಟದ ಮೇಲಿನ ಕಟ್ಟಿಗೆ ಅಚ್ಚುಗಳು ಕೆಳಗಿಳಿಯುತ್ತವೆ. ಆನೆ, ಒಂಟೆ, ನವಿಲು, ತೇರು, ಗೋಪುರ, ತುಳಸಿ ವೃಂದಾವನ. ಅವನ್ನು ನೀರಲ್ಲಿ ನೆನೆಸಿ, ಹೋಳುಗಳನ್ನು ಜೋಡಿಸಿ ದಾರ ಬಿಗಿದು, ಹಾಲು ಹಾಕಿ ಕೊಳೆ ತೆಗೆದ ಪಾಕ ಹೊಯ್ದರೆ ಸ್ವಲ್ಪ ಹೊತ್ತಿನಲ್ಲೇ ಸಕ್ಕರೆ ಆರತಿಗೆ ಬಿಳಿ ಗೋಪುರ ಸಿದ್ಧ. ಅಜ್ಜಿ ಎರಕ ಹೊಯ್ದ ಅಚ್ಚಿನಲ್ಲೇ ಮೊಮ್ಮಗಳೂ ಹೊಯ್ಯುತ್ತಾಳೆ. ಗೋಪುರ ಪ್ರತಿ ವರ್ಷ ಕರಗಿಹೋದರೂ ಅಚ್ಚು ಉಳಿಯುತ್ತದೆ.

ಶಾಲೆಯ ವಸ್ತುಪ್ರದರ್ಶನಗಳಲ್ಲಿ ಥರ್ಮಾಕೋಲಿನ ಕೋಟೆಗಳನ್ನು ಕಂಡಾಗಲೆಲ್ಲ ನನಗೆ ಈ ಅಚ್ಚುಗಳೇ ನೆನಪಾಗುತ್ತವೆ. ರಾತ್ರಿಯೆಲ್ಲ ಕೂತು ಕತ್ತರಿಸಿದ ಕೋಟೆ ಮರುವಾರ ಕಸದ ಗುಂಡಿಯಲ್ಲಿರುತ್ತದೆ. ಅಚ್ಚಿನ ವಿದ್ಯೆ ಅಡುಗೆಮನೆಯಲ್ಲೇ ಇರುವ ಊರಿನಲ್ಲಿ ಹೀಗಾಗಬಾರದು.

ರಾಯಚೂರು ಕೋಟೆಯಂತೂ ಎರಕಕ್ಕೆಂದೇ ಹೇಳಿ ಮಾಡಿಸಿದಂತಿದೆ. ಅದರ ಒಳಸುತ್ತಿನ ಗೋಡೆ ಗಾರೆಯಿಲ್ಲದೆ, ಕೆತ್ತಿದ ದೊಡ್ಡ ಕಲ್ಲುಗಳನ್ನು ಒಂದಕ್ಕೊಂದು ಕೂಡಿಸಿ ಕಟ್ಟಿದ್ದು. ಹಾಗಾದರೆ ಮಾದರಿಯನ್ನೂ ಹಾಗೆಯೇ ಕಟ್ಟಬಹುದಲ್ಲ! ಇಡೀ ಗೋಡೆಯನ್ನು ಎರಕ ಹೊಯ್ಯುವ ಬದಲು ಕಲ್ಲು ಕಲ್ಲಾಗಿ ಹೊಯ್ದು, ಅಂಟಿಲ್ಲದೆ ಪೇರಿಸುವುದು. ಕಳೆದ ಬೇಸಿಗೆ ರಜೆಯಲ್ಲಿ ಮನೆಯ ಮಕ್ಕಳೊಂದಿಗೆ ನಾನು ಮಾಡಿದ್ದು ಇದನ್ನೇ.

ಕಟ್ಟಿಗೆಯ ಪಟ್ಟಿ ಕೊಯ್ದು, ಉಜ್ಜಿ, ಅಳತೆ ಬೇರೆ ಬೇರೆಯಾದ ಹತ್ತಾರು ಕಲ್ಲು ಮಾಡಿಕೊಂಡೆವು. ಅವನ್ನು ಹಳೆಯ ಟೈಲ್ಸಿನ ಮೇಲೆ ಅಂಟಿಸಿ, ಸುತ್ತ ರಟ್ಟಿನ ಕಟ್ಟೆ ಕಟ್ಟಿ, ತೆಳುವಾಗಿ ಎಣ್ಣೆ ಸವರಿದೆವು. ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಸೀಲಂಟ್‌ಗೆ ಕಾರ್ನ್‌ಫ್ಲೋರ್ ಬೆರೆಸಿ ರೊಟ್ಟಿ ಹಿಟ್ಟಿನಂತೆ ನಾದಿ, ಮೂಲೆ ಮೂಲೆಗೂ ಒತ್ತಿದೆವು. ವಿನಿಗರ್‌ನಂಥ ಘಾಟು ಬರುವುದರಿಂದ ಕೈಗವಸು ಹಾಕಿ ಅಂಗಳದಲ್ಲಿ ಮಾಡಬೇಕಾದ ಕೆಲಸವಿದು. ಮರುದಿನ ಎಬ್ಬಿಸಿದರೆ ರಬ್ಬರಿನಂತೆ ಬಾಗುವ ಅಚ್ಚು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಂದೊಡನೆ ಕೆರೆಯಲ್ಲಿ ಕರಗದೆ ಬಿದ್ದ ಗಣಪತಿಗಳು ಕಣ್ಣಮುಂದೆ ಬರುತ್ತವೆ. ಆ ಆಕ್ಷೇಪ ನ್ಯಾಯವಾದದ್ದೇ. ಆದರೆ ನೀರಿಗೆ ಬಿಡದೆ ಕಪಾಟಿನಲ್ಲಿ ಇಡುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಪುಡಿ ಸಿಗುವುದು ಕಷ್ಟ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿಗೆ ಕಾಯಿಸಿ, ಅದರೊಳಗಿನ ನೀರಿನ ಮುಕ್ಕಾಲು ಪಾಲು ತೆಗೆದರೆ ಸಿಗುವುದೇ ಈ ಪುಡಿ. ನಾವು ನೀರು ಬೆರೆಸಿದಾಗ ಅದು ಕಳೆದುಕೊಂಡ ನೀರನ್ನು ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಗಟ್ಟಿಯಾಗುವಾಗ ತುಸುವೇ ಹಿಗ್ಗುವುದರಿಂದ ಅಚ್ಚಿನ ಸಣ್ಣ ಗೀರೂ ಮೂಡಿಬರುತ್ತದೆ.

ಎರಡು ಅಳತೆ ಪುಡಿಗೆ ಒಂದು ಅಳತೆ ನೀರು. ಪುಡಿಗೆ ನೀರು ಸುರಿಯಬಾರದು, ನೀರಿಗೆ ಪುಡಿ ಉದುರಿಸಬೇಕು. ಒಂದು ನಿಮಿಷ ನೆನೆಯಲು ಬಿಟ್ಟು, ನೊರೆ ಏಳದಂತೆ ಕದಡಿ, ಅಚ್ಚಿನ ಒಂದು ಮೂಲೆಯಿಂದ ಹೊಯ್ದು, ಕೆಳಗಿನಿಂದ ತಟ್ಟಿದರೆ ಗುಳ್ಳೆಗಳು ಮೇಲೇಳುತ್ತವೆ. ಉಪ್ಪು ನೀರಾದರೆ ಬೇಗ ಬಿಗಿಯುತ್ತದೆ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಲಸಿದ ಮೊದಲ ಪಾತ್ರೆ ಅಚ್ಚಿಗೆ ಬೀಳುವ ಮೊದಲೇ ಗಟ್ಟಿಯಾಯಿತು. ಪಾತ್ರೆಗೆ ಅಂಟಿದ ಹಳೆಯ ಚೂರುಗಳೂ ಇದೇ ಕೆಲಸ ಮಾಡುತ್ತವೆ. ಅದಕ್ಕೆ ಅರ್ಧ ಕೊಯ್ದ ರಬ್ಬರ್ ಚೆಂಡೇ ಒಳ್ಳೆಯ ಬಟ್ಟಲು, ಹಿಚುಕಿದರೆ ಎಲ್ಲ ಉದುರುತ್ತದೆ. ಒಂದು ಮಾತು ಮಾತ್ರ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಬೇಕು: ಬಿಗಿಯುತ್ತಿರುವ ಪ್ಲಾಸ್ಟರಿನಲ್ಲಿ ಕೈ ಅದ್ದಬಾರದು. ಅದು ಸುಡುವಷ್ಟು ಕಾಯುತ್ತದೆ. 2007ರಲ್ಲಿ ಇಂಗ್ಲೆಂಡಿನ ಶಾಲೆಯೊಂದರಲ್ಲಿ ಬಾಲಕಿಯೊಬ್ಬಳು ಹೀಗೆಯೇ ಬೆರಳುಗಳನ್ನು ಕಳೆದುಕೊಂಡಳು.

ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಕೋಟೆ ಕಟ್ಟಿಸಿದನೆಂದು ಹೇಳುವ ಶಾಸನ ಅದರ ಮೇಲಿದೆ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಬಗೆಯನ್ನೂ ಅಲ್ಲೇ ಕೆತ್ತಿದ್ದಾರೆ: ಎಳೆಯುವ ದನಗಳ ಉದ್ದ ಸಾಲು, ಗಾಲಿಗೆ ಸನ್ನೆಗೋಲು ಕೊಡುವ ಜನ. ನೂರಕ್ಕೆ ಒಂದರ ಅಳತೆಯಲ್ಲಿ ಆ ಕಲ್ಲು ಹನ್ನೆರಡೂವರೆ ಸೆಂಟಿಮೀಟರ್. ನಮ್ಮ ಎರಕದಲ್ಲಿ ಅದು ಮೂರು ಸಲ ನಡುವೆ ಮುರಿಯಿತು. ನಾವು ಕಲ್ಲನ್ನು ಅಚ್ಚಿನಿಂದ ಎಬ್ಬಿಸುತ್ತಿದ್ದೆವು. ಕಲ್ಲನ್ನು ಅಲುಗಿಸದೆ ಅಚ್ಚನ್ನೇ ಅದರ ಮೇಲಿಂದ ಸುಲಿಯಬೇಕೆಂದು ಹೊಳೆದ ಮೇಲೆ ನಾಲ್ಕನೆಯದು ಇಡಿಯಾಗಿ ಬಂತು. ಹೊತ್ತು ತಂದವರ ಕಷ್ಟ ಮಕ್ಕಳಿಗೆ ಆ ಮಧ್ಯಾಹ್ನ ತಿಳಿದಷ್ಟು ಪಾಠ ಓದಿ ತಿಳಿದಿರಲಿಲ್ಲ.

ರಾಯಚೂರಿನದೇ ಆದ, 1513ರ ಏಕ್ ಮಿನಾರ್ ಮಸೀದಿಯ ಮಿನಾರು 65 ಅಡಿ, ಅಂದರೆ ನಮ್ಮ ಅಳತೆಗೆ ಇಪ್ಪತ್ತು ಸೆಂಟಿಮೀಟರ್. ಮೇಲೆ ಹೋದಂತೆ ಸಣ್ಣದಾಗುವುದರಿಂದ ಸುಲಭ ಎಂದುಕೊಂಡಿದ್ದೆ. ಆದರೆ ಸುತ್ತಲೂ ಚಾಚಿದ ಮೊಗಸಾಲೆಗಳು ಒಂದೇ ಹೋಳಿನ ಅಚ್ಚಿನಲ್ಲಿ ಕೊಂಡಿಯಂತೆ ಸಿಕ್ಕಿಬೀಳುತ್ತವೆ. ಅದಕ್ಕೆ ಸಕ್ಕರೆ ಗೊಂಬೆಯ ಉಪಾಯವೇ ಬೇಕು, ಎರಡು ಹೋಳಿನ ಅಚ್ಚು. ಮಾನ್ವಿಯ ಜಗನ್ನಾಥದಾಸರ ಮಂದಿರದ ಕಂಬಕ್ಕೂ ಅದೇ. ದೇವದುರ್ಗ ತಾಲ್ಲೂಕಿನ ಗಬ್ಬೂರಿನ ಗುಡಿಗಳಿಗೆ ಮಾತ್ರ ಕೋಟೆಯ ಕಲ್ಲಿನ ಅಚ್ಚೇ ಸಾಕಾದೀತು.

ಎರಕಗಳನ್ನು ನೆರಳಲ್ಲಿ, ದಿನಕ್ಕೆರಡು ಸಲ ಮಗ್ಗುಲು ಬದಲಿಸಿ ಒಣಗಿಸಬೇಕು. ರಾಯಚೂರಿನ ಬಿಸಿಲಿಗೆ ಒಂದೇ ಮೈ ಒಣಗಿದರೆ ತೆಳುವಾದ ತುಂಡು ಸೊಟ್ಟಗಾಗುತ್ತದೆ. ಇನ್ನೊಂದು ಬುರುಜಿನಷ್ಟು ಕಲ್ಲು ನಮಗೆ ಬಾಕಿ ಇದೆ. ಅಚ್ಚು ಅಟ್ಟದ ಮೇಲೆ, ಸಕ್ಕರೆ ಆನೆಯ ಪಕ್ಕದಲ್ಲೇ ಇದೆ.